ಹೆದರಿಕೆ ತೊಡೆಯಲ್ಲಿ, ಅಪಾಯ ಮೀನಖಂಡದಲ್ಲಿ: ಲೇಸರ್ ಚಿಕಿತ್ಸೆಯ ನಂತರದ ಒಂದು ಪ್ರಕರಣ

ಕಾಲಿನ ಉಬ್ಬಿದ ರಕ್ತನಾಳಗಳಿಗೆ ಲೇಸರ್ ಚಿಕಿತ್ಸೆ ಮಾಡಿಸಿಕೊಂಡು ಮೈಸೂರಿನಿಂದಲೋ ಮಂಗಳೂರಿನಿಂದಲೋ ಮರಳುವವರು ಕೊಡಗಿನಲ್ಲಿ ಈಗ ಅಪರೂಪವಲ್ಲ. ಚಿಕಿತ್ಸೆ ಒಂದು ತಾಸಿನಲ್ಲಿ ಮುಗಿದುಹೋಗುತ್ತದೆ. ಚೇತರಿಕೆಯ ವಾರಗಳು ಮಾತ್ರ ಆಸ್ಪತ್ರೆಯಿಂದ ನೂರು ಕಿಲೋಮೀಟರ್ ಆಚೆ, ತೋಟದ ನಡುವಿನ ಮನೆಯಲ್ಲಿ ಕಳೆಯುತ್ತವೆ. ಮಳೆ ಬಂದರೆ ಕರೆಂಟಿಲ್ಲ, ಕರೆಂಟ್ ಹೋದರೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಯಾವ ನೋವನ್ನು ಸಹಿಸಿಕೊಳ್ಳಬಹುದು, ಯಾವುದಕ್ಕೆ ಕೂಡಲೇ ಹೊರಡಬೇಕು ಎಂಬ ತೀರ್ಮಾನ ಮನೆಯವರ ಪಾಲಿಗೆ ಬೀಳುತ್ತದೆ. ದಕ್ಷಿಣ ಕೊಡಗಿನ ಸಣ್ಣ ಊರೊಂದರಲ್ಲಿ ವೈದ್ಯನಾಗಿರುವ ನಾನು ಈ ಪ್ರಕರಣವನ್ನು ಬರೆಯುತ್ತಿರುವುದು ಅಂಥ ಮನೆಗಳಿಗಾಗಿ. ರೋಗಿಯ ಹೆಸರು, ವಯಸ್ಸು, ಮನೆಯ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಿದ್ದೇನೆ. ಬರೆಯಲು ಅವರೂ ಅವರ ಪತಿಯೂ ಒಪ್ಪಿದ್ದಾರೆ.

ಹಿನ್ನೆಲೆ

ಲಲಿತಾ ಎಂದು ಇಲ್ಲಿ ಕರೆಯುವ ಇವರಿಗೆ ನಲವತ್ತರ ಮೇಲೆ ಕೆಲವು ವರ್ಷ. ಪತಿ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕಪತ್ರ ನೋಡಿಕೊಳ್ಳುವವರು. ಮನೆಯ ಪಕ್ಕದ ಮೂರು ಕೋಣೆಗಳನ್ನು ಹೋಂಸ್ಟೇ ಮಾಡಿದ್ದಾರೆ. ಅದರ ಅಡುಗೆ ಪೂರ್ತಿ ಲಲಿತಾ ಅವರದು. ಬೆಳಿಗ್ಗೆ ಐದಕ್ಕೆ ಒಲೆಯ ಮುಂದೆ ನಿಂತರೆ ರಜೆಯ ದಿನಗಳಲ್ಲಿ ರಾತ್ರಿ ಹತ್ತರವರೆಗೂ ಅಕ್ಕಿ ರೊಟ್ಟಿ, ಕಡುಬು, ಸಾರು ಎಂದು ನಿಂತೇ ಇರುವ ಕೆಲಸ.

ಎರಡನೆಯ ಹೆರಿಗೆಯ ಕಾಲಕ್ಕೇ ಎಡಗಾಲಿನ ರಕ್ತನಾಳ ಉಬ್ಬತೊಡಗಿತ್ತು. ಕಾಲಿನ ಅಭಿಧಮನಿಗಳಲ್ಲಿ ರಕ್ತ ಮೇಲಕ್ಕೆ, ಹೃದಯದ ಕಡೆಗೆ ಹರಿಯಬೇಕು. ಅದು ಕೆಳಗೆ ಜಾರದಂತೆ ಒಳಗೆ ಸಣ್ಣ ಕವಾಟಗಳಿವೆ. ಕವಾಟ ಸೋತರೆ ರಕ್ತ ಹಿಂದಕ್ಕೆ ಬಿದ್ದು ನಿಲ್ಲುತ್ತದೆ, ನಾಳ ಹಿಗ್ಗುತ್ತದೆ, ಪಾದದ ಗಂಟಿನ ಮೇಲಿನ ಚರ್ಮ ಕಪ್ಪಾಗುತ್ತದೆ. ಲಲಿತಾ ಅವರ ಕಾಲು ಆ ಹಂತಕ್ಕೆ ಬಂದು ಎರಡು ವರ್ಷವಾಗಿತ್ತು. ಆ ಮಳೆಗಾಲದಲ್ಲಿ ಅದೇ ಕಪ್ಪು ಚರ್ಮದ ಮೇಲೆ ಜಿಗಣೆ ಕಚ್ಚಿತು. ನಮ್ಮಲ್ಲಿ ಜಿಗಣೆ ಕಚ್ಚಿದ್ದನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ, ನಾಲ್ಕು ದಿನ ತುರಿಸಿ ಹೋಗುತ್ತದೆ. ಇವರದು ಹೋಗಲಿಲ್ಲ. ವಾರಗಳು ಕಳೆದರೂ ಆರದೆ ಹುಣ್ಣಾಗಿ ನೀರೊಸರತೊಡಗಿದಾಗ ಅವರು ನನ್ನ ಬಳಿಗೆ ಬಂದರು. ನಾನು ಮೈಸೂರಿನ ರಕ್ತನಾಳ ತಜ್ಞರೊಬ್ಬರ ಬಳಿಗೆ ಕಳಿಸಿದೆ.

ಸ್ಕ್ಯಾನ್‌ನಲ್ಲಿ ಎಡತೊಡೆಯ ಒಳಬದಿಯ ದೊಡ್ಡ ಮೇಲ್ಪದರದ ಅಭಿಧಮನಿಯ ಕವಾಟಗಳು ಸೋತಿರುವುದು ಖಚಿತವಾಯಿತು. ಬಲಗಾಲಿನಲ್ಲೂ ಸ್ವಲ್ಪ ಇತ್ತು. ಸೆಪ್ಟೆಂಬರ್ ಕೊನೆಯಲ್ಲಿ, ಮಳೆ ತಗ್ಗಿ ದಸರಾ ಅತಿಥಿಗಳು ಬರುವ ಮೊದಲು, ಎಡಗಾಲಿಗೆ ಲೇಸರ್ ಆಯಿತು. ಅಲ್ಟ್ರಾಸೌಂಡ್ ನೋಡುತ್ತ ನಾಳದೊಳಗೆ ತೆಳುವಾದ ಎಳೆಯೊಂದನ್ನು ತೂರಿಸಿ, ಸುತ್ತಲೂ ಅರಿವಳಿಕೆ ಬೆರೆಸಿದ ತಣ್ಣನೆಯ ಸಲೈನ್ ತುಂಬಿ, ಲೇಸರ್ ಶಾಖದಿಂದ ನಾಳವನ್ನು ಒಳಗಿನಿಂದಲೇ ಮುಚ್ಚಿಬಿಡುತ್ತಾರೆ. ಆ ಸಲೈನ್ ನೋವನ್ನು ತಡೆಯುವುದಲ್ಲದೆ ಚರ್ಮಕ್ಕೂ ನರಕ್ಕೂ ಶಾಖ ತಗುಲದಂತೆ ಕಾಯುತ್ತದೆ. ಅರ್ಧ ತಾಸಿನಲ್ಲೇ ಅವರನ್ನು ಎಬ್ಬಿಸಿ ನಡೆಸಿದರು. ಅಂದು ರಾತ್ರಿ ಮೈಸೂರಿನ ತಂಗಿಯ ಮನೆಯಲ್ಲಿ ಉಳಿದು ಮರುದಿನ ಊರಿಗೆ ಬಂದರು.

ಕೊಟ್ಟ ಸೂಚನೆಗಳು ಸರಿಯಾಗಿಯೇ ಇದ್ದವು: ದಿನವೂ ನಡೆಯಿರಿ, ಏಳು ದಿನ ಬಿಗಿ ಕಾಲುಚೀಲ ಧರಿಸಿ, ಒಂದೇ ಕಡೆ ನಿಲ್ಲಬೇಡಿ, ವಾರದ ನಂತರ ಸ್ಕ್ಯಾನಿಗೆ ಬನ್ನಿ. ಚಿಕಿತ್ಸೆಗೆ ಮುನ್ನ ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದೂ ಕೇಳಿದ್ದರು. ಆಗ ಅವರು ಯಾವ ಮಾತ್ರೆಯನ್ನೂ ನುಂಗುತ್ತಿರಲಿಲ್ಲ.

ಮೊದಲ ವಾರದ ಹೆದರಿಕೆ

ಮೂರನೆಯ ದಿನಕ್ಕೆ ತೊಡೆಯ ಒಳಬದಿ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ಪತಿ ಗಾಬರಿಯಿಂದ ಫೋಟೊ ತೆಗೆದು ಆಸ್ಪತ್ರೆಗೆ ಕಳಿಸಿದರು. ಇದು ಸಹಜ, ಎರಡು ಮೂರು ವಾರಗಳಲ್ಲಿ ಹಳದಿಯಾಗಿ ಮಾಯವಾಗುತ್ತದೆ ಎಂಬ ಉತ್ತರ ಬಂತು. ಹಾಗೆಯೇ ಆಯಿತು.

ಆರನೆಯ ದಿನ ಇನ್ನೊಂದು. ಮಂಡಿ ನೇರ ಮಾಡಿದರೆ ತೊಡೆಯೊಳಗೆ ಹಗ್ಗ ಎಳೆದು ಕಟ್ಟಿದಂತೆ ಸೆಳೆತ. ಬೆರಳಿಟ್ಟರೆ ಚರ್ಮದ ಕೆಳಗೆ ಗಟ್ಟಿಯಾದ ಎಳೆಯೊಂದು ಸಿಗುತ್ತಿತ್ತು. ಮುಚ್ಚಿದ ನಾಳ ಕುಗ್ಗಿ ಗಟ್ಟಿಯಾಗುವಾಗ ಹೀಗಾಗುತ್ತದೆ. ಮೊದಲ ಎರಡು ಮೂರು ದಿನ ಹಗುರವಾಗಿದ್ದ ಕಾಲು ವಾರದ ಹೊತ್ತಿಗೆ ಬಿಗಿಯುವುದು ಈ ಚಿಕಿತ್ಸೆಯಲ್ಲಿ ಮಾಮೂಲು, ಮತ್ತು ಇದನ್ನು ಮೊದಲೇ ಹೇಳದಿದ್ದರೆ ಜನ ಹೆದರುವುದೂ ಮಾಮೂಲು. ಮನೆಯಲ್ಲಿ ಆ ಎಳೆಯೇ ರಕ್ತದ ಗಡ್ಡೆ ಎಂದಾಯಿತು. ಅತ್ತೆ, "ಒಂದು ಹೆಜ್ಜೆಯೂ ನಡೆಯಬೇಡ, ಕಾಲು ಎತ್ತಿಟ್ಟು ಮಲಗು" ಎಂದರು. ಪ್ರೀತಿಯಿಂದ ಹೇಳಿದ ಮಾತು ಅದು. ಹೊರಗೆ ಮಧ್ಯಾಹ್ನದ ಮಳೆ, ಪಾಚಿ ಹಿಡಿದ ಅಂಗಳ. ನಡಿಗೆ ನಿಂತುಹೋಯಿತು.

ಈ ಪ್ರಕರಣದ ದಿಕ್ಕು ಬದಲಾದದ್ದು ಇಲ್ಲಿಯೇ ಎಂದು ನನ್ನ ಎಣಿಕೆ. ಆ ದಿನ ಕಾಲಿಗೆ ಏನೂ ಆಗಿರಲಿಲ್ಲ, ನಿಜ. ಆದರೆ ಮನೆಯವರ ಕಣ್ಣೆಲ್ಲ ತೊಡೆಯ ಮೇಲೆ ನೆಟ್ಟುಬಿಟ್ಟಿತು. ನಡಿಗೆ ಎಂಬ ಔಷಧವೂ ತಪ್ಪಿತು. ನಡೆಯುವಾಗ ಮೀನಖಂಡದ ಸ್ನಾಯು ಹಿಂಡಿ ಆಳದ ನಾಳಗಳ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ಮಲಗಿದವರಲ್ಲಿ ಆ ರಕ್ತ ನಿಧಾನವಾಗುತ್ತದೆ.

ಎಂಟನೆಯ ದಿನ ಮೈಸೂರಿನಲ್ಲಿ, ನಾಳಗಳಲ್ಲಿ ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಆಯಿತು. ಲೇಸರ್ ಆದ ನಾಳ ಪೂರ್ತಿ ಮುಚ್ಚಿತ್ತು. ತೊಡೆಸಂದಿನಲ್ಲಿ ಅದು ಆಳದ ನಾಳವನ್ನು ಕೂಡುವ ಜಾಗ ಶುದ್ಧವಾಗಿತ್ತು. ಶಾಖದಿಂದ ಮುಚ್ಚಿದ ನಾಳದ ಹೆಪ್ಪು ಕೆಲವೊಮ್ಮೆ ಆ ಸಂಧಿಯನ್ನು ದಾಟಿ ಆಳದ ನಾಳಕ್ಕೆ ಚಾಚಿಕೊಳ್ಳುವುದುಂಟು. ವಾರದ ಸ್ಕ್ಯಾನ್ ಮುಖ್ಯವಾಗಿ ಅದನ್ನು ಹುಡುಕಲಿಕ್ಕೆ. ಮೀನಖಂಡದ ಆಳದ ನಾಳಗಳೂ ಅಂದು ತೆರೆದಿದ್ದವು. ಎಲ್ಲವೂ ಚೆನ್ನಾಗಿದೆ ಎಂಬ ವರದಿ ಬಂತು. ಅಂದಿನ ಮಟ್ಟಿಗೆ ಅದು ಸತ್ಯ. ಮನೆಯವರು ಅದನ್ನು ಮುಂದಿನ ದಿನಗಳಿಗೂ ಸೇರಿಸಿ ಓದಿಕೊಂಡರು.

ಎರಡನೆಯ ವಾರದಿಂದ ಮುಂದೆ

ಕಾಲುಚೀಲ ಬಿಚ್ಚಿದರು. ಅಡುಗೆಮನೆಗೆ ಬೇರೆಯವರು ಬಂದಿದ್ದರಿಂದ ಲಲಿತಾ ಹೆಚ್ಚು ಹೊತ್ತು ಕುರ್ಚಿಯಲ್ಲಿ ಕುಳಿತೇ ತರಕಾರಿ ಹೆಚ್ಚುವುದು, ಲೆಕ್ಕ ಬರೆಯುವುದು ನಡೆಯಿತು. ಅಕ್ಟೋಬರ್ 17ರ ಆಸುಪಾಸಿಗೆ ತುಲಾ ಸಂಕ್ರಮಣ, ತಲಕಾವೇರಿಯಲ್ಲಿ ತೀರ್ಥೋದ್ಭವ. ಮಗಳ ಓದಿಗೆ ಹೊತ್ತ ಹರಕೆಯೊಂದಿತ್ತು, ಆ ವರ್ಷ ಹೋಗಲೇಬೇಕಿತ್ತು. ಮುಟ್ಟಿನ ದಿನವೂ ಅದೇ ವಾರಕ್ಕೆ ಬೀಳುತ್ತಿದ್ದುದರಿಂದ ಔಷಧದ ಅಂಗಡಿಯಿಂದ ಮುಟ್ಟು ಮುಂದೂಡುವ ಮಾತ್ರೆ ತರಿಸಿ ದಿನಕ್ಕೆ ಮೂರರಂತೆ ನುಂಗತೊಡಗಿದರು. ಮದುವೆ, ಪೂಜೆ, ಯಾತ್ರೆ ಎಂದರೆ ನಮ್ಮ ಹೆಣ್ಣುಮಕ್ಕಳು ಈ ಮಾತ್ರೆ ನುಂಗುವುದು ಎಷ್ಟು ಸಾಮಾನ್ಯ ಎಂದರೆ, ಮಾತ್ರೆಗಳ ಪಟ್ಟಿ ಹೇಳುವಾಗ ಅದು ಅವರಿಗೆ ನೆನಪಿಗೇ ಬರುವುದಿಲ್ಲ. ಇದರಲ್ಲಿರುವ ನೋರೆಥಿಸ್ಟೆರಾನ್ ಎಂಬ ಹಾರ್ಮೋನಿನ ಸ್ವಲ್ಪ ಭಾಗ ದೇಹದಲ್ಲಿ ಈಸ್ಟ್ರೊಜೆನ್ ಬಗೆಯ ವಸ್ತುವಾಗಿ ಬದಲಾಗುತ್ತದೆ. ದೊಡ್ಡ ಪ್ರಮಾಣದಲ್ಲಿ ನುಂಗಿದಾಗ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಆರೋಗ್ಯವಂತರಲ್ಲಿ ಆ ಅಪಾಯ ಸಣ್ಣದು. ರಕ್ತನಾಳದ ಚಿಕಿತ್ಸೆಯಾಗಿ ಮೂರು ವಾರವೂ ತುಂಬದ, ಹತ್ತು ದಿನದಿಂದ ಸರಿಯಾಗಿ ನಡೆಯದ ಕಾಲಿನ ಮಟ್ಟಿಗೆ ಅದನ್ನು ಸಣ್ಣದು ಎನ್ನಲಾಗದು.

ಸಂಕ್ರಮಣದ ದಿನ ಜೀಪಿನ ಹಿಂದಿನ ಸೀಟಿನಲ್ಲಿ ಮಡಿಸಿದ ಕಾಲಿನಲ್ಲಿ ಹೋಗುವಾಗ ಎರಡು ತಾಸು, ಬರುವಾಗ ಭಾಗಮಂಡಲದ ವಾಹನ ಸಾಲಿನಲ್ಲಿ ಸಿಕ್ಕಿ ಇನ್ನೂ ಹೆಚ್ಚು. ಅಲ್ಲಿ ಜನಸಂದಣಿಯ ನಡುವೆ ನಿಂತದ್ದು ಬೇರೆ. ಮರುದಿನ ಎಡ ಮೀನಖಂಡದಲ್ಲಿ ನೋವು. ಮೆಟ್ಟಿಲು ಹತ್ತಿದ್ದಲ್ಲವೇ, ಸ್ನಾಯು ಹಿಡಿದಿದೆ ಎಂದುಕೊಂಡರು. ಅದರ ಮರುದಿನ ಚಪ್ಪಲಿಯ ಪಟ್ಟಿ ಎಡಗಾಲಿಗೆ ಮಾತ್ರ ಬಿಗಿಯಾಯಿತು. ಅತ್ತೆ ಕೊಬ್ಬರಿ ಎಣ್ಣೆ ಬಿಸಿಮಾಡಿ ಕಾಲು ನೀವಲು ಕುಳಿತರು.

ತೊಡೆಯ ಕಂದಿದ ಬಣ್ಣವನ್ನು ಮತ್ತೆ ಮತ್ತೆ ಫೋಟೊ ತೆಗೆದು ಕಳಿಸಿದ್ದ ಮನೆ ಅದು. ಮೀನಖಂಡದ ಒಂದು ಫೋಟೊವನ್ನೂ ಯಾರೂ ತೆಗೆಯಲಿಲ್ಲ, ಏಕೆಂದರೆ ಅಲ್ಲಿ ಬಣ್ಣ ಬದಲಾಗಿರಲಿಲ್ಲ. ತೆಗೆದಿದ್ದರೂ ಒಂದೇ ಕಾಲಿನ ಫೋಟೊದಲ್ಲಿ ಬಾವು ತಿಳಿಯುವುದಿಲ್ಲ.

ತಿರುವು

ಆ ಹೊತ್ತಿಗೆ ಆಶಾ ಕಾರ್ಯಕರ್ತೆಯೊಬ್ಬರು ಪಕ್ಕದ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಮಗುವಿನ ಲಸಿಕೆಯ ವಿಚಾರಕ್ಕೆ ಬಂದವರು ಇಲ್ಲಿಗೂ ಬಂದರು. ಎಣ್ಣೆಯ ಬಟ್ಟಲು ನೋಡಿದವರೇ, "ಅಜ್ಜಿ, ಸ್ವಲ್ಪ ತಡೆಯಿರಿ" ಎಂದು ಲಲಿತಾ ಅವರನ್ನು ಎರಡೂ ಕಾಲು ಚಾಚಿ ಕೂರಲು ಹೇಳಿದರು. ಸೀರೆಯನ್ನು ಮಂಡಿಯವರೆಗೆ ಸರಿಸಿ ಎರಡನ್ನೂ ಜೊತೆಯಲ್ಲಿ ನೋಡಿದರು. ಎಡಗಾಲಿನ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದಾಗ ಕುಳಿ ಹಾಗೆಯೇ ಉಳಿಯಿತು, ಬಲಗಾಲಿನಲ್ಲಿ ಉಳಿಯಲಿಲ್ಲ. ಆಮೇಲೆ ನನಗೆ ಕರೆ ಮಾಡಿದರು.

ಮನೆಯಲ್ಲಿ ಹೊಲಿಗೆ ಟೇಪ್ ಇದೆಯೇ ಎಂದು ಕೇಳಿದೆ. ಮಂಡಿಚಿಪ್ಪಿನ ಕೆಳಗೆ ಎಲುಬಿನ ಒಂದು ಉಬ್ಬು ಕೈಗೆ ಸಿಗುತ್ತದೆ. ಅಲ್ಲಿಂದ ಹತ್ತು ಸೆಂಟಿಮೀಟರ್ ಕೆಳಗೆ ಎರಡೂ ಕಾಲಿಗೆ ಗುರುತು ಹಾಕಿ ಸುತ್ತಳತೆ ತೆಗೆಯಲು ಹೇಳಿದೆ. ಎಡ 37.5, ಬಲ 34. ಮೂರು ಸೆಂಟಿಮೀಟರಿಗಿಂತ ಹೆಚ್ಚಿನ ವ್ಯತ್ಯಾಸ ಆಳದ ಅಭಿಧಮನಿಯಲ್ಲಿ ಹೆಪ್ಪುಗಟ್ಟಿರುವ ಶಂಕೆಗೆ ಬಳಸುವ ವೆಲ್ಸ್ ಅಂಕಪಟ್ಟಿಯಲ್ಲಿ ಒಂದು ಅಂಕ. ಒತ್ತಿದರೆ ಕುಳಿ ಬೀಳುವುದು ಇನ್ನೊಂದು, ಆಳದ ನಾಳದ ಗುಂಟ ಒತ್ತಿದಾಗ ನೋವು ಮತ್ತೊಂದು. ಒಟ್ಟು ಎರಡು ಅಥವಾ ಅದಕ್ಕಿಂತ ಹೆಚ್ಚಾದರೆ ಶಂಕೆ ಬಲವಾಗಿದೆ ಎಂದರ್ಥ.

ಇನ್ನೊಂದು ಪ್ರಶ್ನೆಯನ್ನು ಆಶಾ ಕಾರ್ಯಕರ್ತೆಯೇ ಕೇಳಿದರು: "ಅಕ್ಕ, ಸಂಕ್ರಮಣಕ್ಕೆ ಹೋಗಲು ಮಾತ್ರೆ ನುಂಗಿದಿರಾ?" ವೈದ್ಯರು "ಯಾವ ಔಷಧ ತೆಗೆದುಕೊಳ್ಳುತ್ತೀರಿ" ಎಂದಾಗ ಬಾರದ ಉತ್ತರ ಆ ಒಂದು ಮಾತಿಗೆ ಬಂತು. ಹೀಗೆ ಕೇಳಬೇಕೆಂಬುದನ್ನು ನಾನು ಅವರಿಂದ ಕಲಿತೆ, ಮತ್ತು ಕೃತಜ್ಞತೆಯಿಂದ ಇಲ್ಲಿ ದಾಖಲಿಸುತ್ತಿದ್ದೇನೆ.

ಒಂದು ತಾಸಿನಲ್ಲಿ ಅವರು ನನ್ನ ಮುಂದಿದ್ದರು. ಎದೆನೋವಿಲ್ಲ, ಏದುಸಿರಿಲ್ಲ, ಆಮ್ಲಜನಕದ ಮಟ್ಟ 98. ಜ್ವರವಿಲ್ಲ, ಚರ್ಮ ಕೆಂಪಾಗಿ ಬಿಸಿಯಾಗಿಲ್ಲ, ಆದ್ದರಿಂದ ಸೋಂಕಿನ ಬಾವು ಇರಲಾರದು. ತೊಡೆಯ ಎಳೆ ಅಲ್ಲೇ ಇತ್ತು, ಮೊದಲಿಗಿಂತ ಮೆತ್ತಗಾಗಿ. ಸಂಜೆಯಾಗಿತ್ತು, ಡಾಪ್ಲರ್ ಸಿಗುವುದು ಮರುದಿನ ಬೆಳಿಗ್ಗೆ ಮಡಿಕೇರಿಯಲ್ಲಿ. ಹೆಪ್ಪು ಕರಗುವಾಗ ರಕ್ತದಲ್ಲಿ ಏರುವ ವಸ್ತುವನ್ನು ಅಳೆಯುವ ಡಿ-ಡೈಮರ್ ಎಂಬ ಪರೀಕ್ಷೆ ಮಾಡಿಸೋಣವೇ ಎಂದು ಪತಿ ಅಂತರಜಾಲದಲ್ಲಿ ಓದಿ ಕೇಳಿದರು. ನಾಳ ಮುಚ್ಚಿಸಿಕೊಂಡ ನಂತರದ ವಾರಗಳಲ್ಲಿ ಅದು ತಾನಾಗಿಯೇ ಏರಿರಬಹುದು. ಶಂಕೆ ಇಷ್ಟು ಬಲವಾಗಿರುವಾಗ ಫಲಿತಾಂಶ ಏನೇ ಬಂದರೂ ಸ್ಕ್ಯಾನ್ ಬೇಕೇ ಬೇಕು. ಬೇಡ ಎಂದೆ.

ತೀರ್ಮಾನ ಬೇಕಿದ್ದದ್ದು ಆ ರಾತ್ರಿಯ ಬಗ್ಗೆ. ಸ್ಕ್ಯಾನ್ ಕೆಲವೇ ತಾಸುಗಳಲ್ಲಿ ಆಗುವಂತಿಲ್ಲದಿದ್ದರೆ, ರಕ್ತಸ್ರಾವದ ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡು, ಹೆಪ್ಪು ಬೆಳೆಯದಂತೆ ತಡೆಯುವ ಔಷಧವನ್ನು ಮೊದಲೇ ಶುರುಮಾಡುವುದು ಒಪ್ಪಿತ ಕ್ರಮ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಹಿಂದಿನ ರಕ್ತಸ್ರಾವ ಯಾವುದೂ ಇರಲಿಲ್ಲ. ತೂಕಕ್ಕೆ ತಕ್ಕಂತೆ ಹೆಪಾರಿನ್ ಚುಚ್ಚುಮದ್ದು ಕೊಟ್ಟೆ. ನೀವುವುದು ಬೇಡ, ಮುಟ್ಟಿನ ಮಾತ್ರೆ ಇನ್ನು ಬೇಡ ಎಂದೆ. ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದ ಸೂಚನೆಗಳು ಕಂಡರೆ, ಅಂದರೆ ಥಟ್ಟನೆ ಉಸಿರು ಕಟ್ಟಿದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿನಲ್ಲಿ ರಕ್ತ ಕಂಡರೆ, ಕಣ್ಣು ಕತ್ತಲೆ ಬಂದರೆ ನನಗೆ ಕರೆ ಮಾಡುತ್ತ ಕೂರದೆ ನೇರವಾಗಿ 108ಕ್ಕೆ ಕರೆ ಮಾಡಿ ಎಂದೆ. ಮನೆಯಲ್ಲಿ ಸಿಗ್ನಲ್ ನಂಬುವಂತಿರಲಿಲ್ಲ. ಆ ರಾತ್ರಿ ಅವರು ಪೇಟೆಯಲ್ಲೇ, ಆಸ್ಪತ್ರೆಯ ಹತ್ತಿರದ ನೆಂಟರ ಮನೆಯಲ್ಲಿ ಉಳಿದರು.

ಬೆಳಿಗ್ಗೆ ಸ್ಕ್ಯಾನ್: ಮಂಡಿಯ ಹಿಂದಿನ ಆಳದ ಅಭಿಧಮನಿಯಲ್ಲಿ ಹೆಪ್ಪು, ತೊಡೆಯ ಕೆಳಭಾಗದವರೆಗೆ ಏರಿದೆ. ಲೇಸರ್ ಆದ ನಾಳದ ತುದಿ, ತೊಡೆಸಂದು, ಎರಡೂ ಎಂಟನೆಯ ದಿನದಂತೆಯೇ ಶುದ್ಧ.

ನಂತರ

ಹೆಪ್ಪು ತಡೆಯುವ ಅಪಿಕ್ಸಬಾನ್ ಮಾತ್ರೆ ಶುರುವಾಯಿತು: ಮೊದಲ ವಾರ ಹೆಚ್ಚಿನ ಪ್ರಮಾಣ, ನಂತರ ಅದರ ಅರ್ಧ, ಒಟ್ಟು ಮೂರು ತಿಂಗಳು. ಮನೆಯವರು ಮತ್ತೆ ಹಾಸಿಗೆ ಹಾಸಿದರು. ನಾವು ಮತ್ತೆ ಎಬ್ಬಿಸಿದೆವು. ಔಷಧ ಶುರುವಾದ ಮೇಲೆ ಇಂಥ ರೋಗಿ ನಡೆದರೆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋಗುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ನಡೆದರೆ ಬಾವೂ ನೋವೂ ಬೇಗ ಇಳಿಯುತ್ತವೆ.

ಇನ್ನೊಂದು ಕಷ್ಟ ಮೂರನೆಯ ದಿನ ಬಂತು. ಮುಂದೂಡಿದ ಮುಟ್ಟು ಮಾತ್ರೆ ನಿಲ್ಲಿಸಿದ್ದರಿಂದ ಬಂದೇ ಬರುವುದಿತ್ತು, ಈಗ ರಕ್ತ ತೆಳುವಾಗಿಸುವ ಔಷಧವೂ ಜೊತೆಗೂಡಿ ವಿಪರೀತವಾಯಿತು. ಔಷಧದ ಅಂಗಡಿಯಲ್ಲಿ ಅಧಿಕ ಸ್ರಾವಕ್ಕೆ ಎಂದು ಕೇಳಿದಾಗ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಕೈಗಿತ್ತರು. ಬೇರೆ ಸಂದರ್ಭದಲ್ಲಿ ಅದು ಒಳ್ಳೆಯ ಔಷಧ. ಆದರೆ ಅದು ಕೆಲಸ ಮಾಡುವುದೇ ಹೆಪ್ಪು ಕರಗದಂತೆ ತಡೆಯುವ ಮೂಲಕ. ಆಳದ ನಾಳದಲ್ಲಿ ಹಸಿ ಹೆಪ್ಪು ಇರುವವರಿಗೆ ಅದನ್ನು ಕೊಡಬಾರದು. ಪತಿ ಈ ಬಾರಿ ನುಂಗಿಸುವ ಮೊದಲು ಪೊಟ್ಟಣದ ಹೆಸರನ್ನು ನನಗೆ ಓದಿ ಹೇಳಿದರು. ಒಂದು ಫೋನ್ ಕರೆ ದೊಡ್ಡ ಅನಾಹುತವನ್ನು ದೂರವಿಟ್ಟಿತು ಎಂದೇ ನಾನು ನಂಬುತ್ತೇನೆ. ಸ್ತ್ರೀರೋಗ ತಜ್ಞೆ ನೋಡಿದರು. ಕಬ್ಬಿಣದ ಮಾತ್ರೆ ಶುರುವಾಯಿತು. ಮುಂದಿನ ತಿಂಗಳುಗಳ ಸ್ರಾವ ತಗ್ಗಿಸಲು ಗರ್ಭಕೋಶದೊಳಗೆ ಇಡುವ ಹಾರ್ಮೋನು ಸಾಧನ ಹಾಕಲಾಯಿತು. ಅದರ ಹಾರ್ಮೋನು ಬಹುಮಟ್ಟಿಗೆ ಅಲ್ಲಿಯೇ ಕೆಲಸ ಮಾಡುವುದರಿಂದ ಹೆಪ್ಪಿನ ವಿಚಾರದಲ್ಲಿ ಆ ಮಾತ್ರೆಗಿಂತ ಸುರಕ್ಷಿತ.

ಮೂರು ತಿಂಗಳ ಸ್ಕ್ಯಾನಿನಲ್ಲಿ ನಾಳ ಬಹುಪಾಲು ತೆರೆದುಕೊಂಡಿತ್ತು, ಗೋಡೆ ಸ್ವಲ್ಪ ದಪ್ಪವಾಗಿ ಉಳಿದಿತ್ತು. ಕಾರಣ ಗೊತ್ತಿದ್ದ, ಮತ್ತು ಆ ಕಾರಣ ಈಗ ಇಲ್ಲದ ಹೆಪ್ಪು ಇದಾದ್ದರಿಂದ ಔಷಧ ನಿಲ್ಲಿಸಿದೆವು. ಜಿಗಣೆಯ ಹುಣ್ಣು ಪೂರ್ತಿ ಆರಿತ್ತು. ಲೇಸರ್ ತಾನು ಮಾಡಬೇಕಾದ ಕೆಲಸವನ್ನು ಮಾಡಿತ್ತು. ಆಗ ಲಲಿತಾ ಇನ್ನೊಂದು ವಿಷಯ ಹೇಳಿದರು: ಪಾದದ ಗಂಟಿನ ಒಳಬದಿಯಲ್ಲಿ ಅಂಗೈ ಅಗಲದ ಜಾಗ ಮೊದಲ ದಿನದಿಂದ ಜೋಮು ಹಿಡಿದಂತಿದೆ. ಮಂಡಿಯ ಕೆಳಗೆ ಆ ನಾಳದ ಜೊತೆಗೇ ಚರ್ಮದ ನರವೊಂದು ಸಾಗುತ್ತದೆ, ಅದಕ್ಕೆ ಶಾಖ ತಗುಲಿದರೆ ಹೀಗಾಗುತ್ತದೆ. ಸಾಮಾನ್ಯವಾಗಿ ತಿಂಗಳುಗಳಲ್ಲಿ ಕುಗ್ಗುತ್ತ ಬರುತ್ತದೆ, ಇವರದೂ ಕುಗ್ಗುತ್ತಿದೆ.

ನೋಡಬೇಕಾದದ್ದು

ಲೇಸರ್ ನಂತರ ಆಳದ ನಾಳದಲ್ಲಿ ಹೆಪ್ಪುಗಟ್ಟುವುದು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ ಜನರಿಗೆ. ಈ ಬರಹ ಓದಿ ಯಾರೂ ಚಿಕಿತ್ಸೆಯನ್ನೇ ಬಿಡಬಾರದು. ಹುಣ್ಣಾದ ಕಾಲನ್ನು ಹಾಗೆಯೇ ಬಿಡುವುದರ ಕಷ್ಟ ಇದಕ್ಕಿಂತ ದೊಡ್ಡದು. ನನ್ನ ಕಳಕಳಿ ಇಷ್ಟೇ: ಕಣ್ಣಿಗೆ ಹೊಡೆಯುವಂತೆ ಕಾಣುವ ಕಂದಿದ ಬಣ್ಣ, ಕೈಗೆ ಸಿಗುವ ಎಳೆ, ಎಳೆದಂತಾಗುವ ಸೆಳೆತ ಎಲ್ಲವೂ ಚಿಕಿತ್ಸೆ ಆದ ದಾರಿಯಲ್ಲೇ ಇರುತ್ತವೆ, ಮತ್ತು ವಾರ ಕಳೆದಂತೆ ಇಳಿಯುತ್ತವೆ. ಕೆಂಪಾಗಿ ನೋಯುವ ಮೇಲ್ಪದರದ ಎಳೆಗೂ ಹೆಚ್ಚಿನ ಸಲ ನೋವಿನ ಮಾತ್ರೆ ಮತ್ತು ನಡಿಗೆ ಸಾಕು, ವೈದ್ಯರಿಗೆ ತಿಳಿಸಿದ್ದರಾಯಿತು. ಲೇಸರ್ ಮುಟ್ಟದ ಜಾಗದಲ್ಲಿ ಹೊಸದಾಗಿ ಹುಟ್ಟುವ ನೋವು, ಒಂದು ಕಾಲು ಮಾತ್ರ ದಪ್ಪವಾಗುವುದು, ಇಳಿಯುತ್ತಿದ್ದದ್ದು ಮತ್ತೆ ಏರುವುದು, ಇವು ಬಣ್ಣವಿಲ್ಲದೆ ಸದ್ದಿಲ್ಲದೆ ಬರುತ್ತವೆ. ಅಂದೇ ತೋರಿಸಬೇಕಾದವು ಇವು. ಜ್ವರ, ಕೀವು, ಹರಡುವ ಕೆಂಪು ಕಂಡರೂ ಹಾಗೆಯೇ.

ನಮ್ಮ ಕಡೆಯಿಂದ ಲೇಸರಿಗೆ ಹೊರಡುವವರ ಎರಡೂ ಮೀನಖಂಡಗಳ ಅಳತೆಯನ್ನು ಈಗ ಮೊದಲೇ ತೆಗೆದು ಚೀಟಿಯಲ್ಲಿ ಬರೆದುಕೊಡುತ್ತೇನೆ. ಸಹಜವಾಗಿಯೇ ಎರಡು ಕಾಲುಗಳ ನಡುವೆ ಸ್ವಲ್ಪ ವ್ಯತ್ಯಾಸ ಇರುವುದುಂಟು. ಮೊದಲಿನ ಅಳತೆ ಕೈಯಲ್ಲಿದ್ದರೆ ನಂತರದ ಅಳತೆಗೆ ಅರ್ಥ ಬರುತ್ತದೆ. ಚಿಕಿತ್ಸೆಯ ನಂತರದ ತಿಂಗಳಲ್ಲಿ ಮದುವೆ, ಹಬ್ಬ, ಯಾತ್ರೆ ಏನಿದೆ ಎಂದೂ ಕೇಳುತ್ತೇವೆ. ಮುಟ್ಟಿನ ಮಾತ್ರೆಯ ಮಾತು ಅಲ್ಲಿಂದ ತಾನಾಗಿ ಬರುತ್ತದೆ.

ಬಲಗಾಲಿನ ನಾಳ ಹಾಗೆಯೇ ಇದೆ. ಮೈಸೂರಿನ ತಜ್ಞರೊಡನೆ ಮಾತಾಡಿ ಆಯಿತು: ಲೇಸರ್ ಮಾಡುವುದಾದರೆ ನಂತರದ ದಿನಗಳಲ್ಲಿ ಹೆಪ್ಪು ತಡೆಯುವ ಚುಚ್ಚುಮದ್ದಿನ ರಕ್ಷಣೆಯೊಡನೆಯೇ. ಸದ್ಯಕ್ಕೆ ಆ ಕಾಲಿನಲ್ಲಿ ಹುಣ್ಣಿಲ್ಲ, ಚರ್ಮ ಕಪ್ಪಾಗಿಲ್ಲ. ರೊಬಸ್ಟಾ ಕೊಯ್ಲು ಮುಗಿಯುವವರೆಗೆ ಬಿಗಿ ಕಾಲುಚೀಲದಲ್ಲೇ ಸಾಗುವುದೆಂದು ಲಲಿತಾ ನಿರ್ಧರಿಸಿದ್ದಾರೆ. ಹೋಂಸ್ಟೇಯ ಅಡುಗೆಮನೆಯಲ್ಲಿ ಒಲೆಯ ಎತ್ತರಕ್ಕೆ ಸರಿಹೋಗುವ ಸ್ಟೂಲೊಂದನ್ನು ಮಾಡಿಸಿದ್ದಾರೆ. ರೊಟ್ಟಿಯನ್ನು ಈಗ ಕುಳಿತು ಬೇಯಿಸುತ್ತಾರೆ, ತಾಸಿಗೊಮ್ಮೆ ಎದ್ದು ಅಂಗಳ ಸುತ್ತಿ ಬರುತ್ತಾರೆ.